ಎಲ್ಲರಿಗೂ ಸಲ್ಲುವ ನುಡಿ

ಲಿಂಗತ್ವ ಅಲ್ಪಸಂಖ್ಯಾತರನ್ನು ಗೌರವದಿಂದ ಕರೆಯಲು ತಕ್ಕ ಪದಗಳ ಪಟ್ಟಿಯೊಂದನ್ನು ಮದರಾಸು ಹೈಕೋರ್ಟಿನ ಸೂಚನೆಯ ಮೇರೆಗೆ ತಮಿಳುನಾಡು ಸರ್ಕಾರವು 2022ರಲ್ಲಿ ಪ್ರಕಟಿಸಿತು. ಈ ನಗರದಲ್ಲಿ ನೆಲೆಸಿರುವ ಕನ್ನಡಿಗರಾದ ನಾವೂ ನಮ್ಮ ನುಡಿಯನ್ನು ಒಮ್ಮೆ ಪರಿಶೀಲಿಸಿಕೊಳ್ಳುವುದು ಯುಕ್ತ.

ಹಿಂದಿಯ ‘ಅಚ್ಛಾ’ ಎಂಬುದು ಸ್ತ್ರೀಲಿಂಗದಲ್ಲಿ ‘ಅಚ್ಛೀ’ ಆಗಲೇಬೇಕು. ಕನ್ನಡಕ್ಕೆ ಆ ಕಟ್ಟಿಲ್ಲ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮರ: ಗುಣವಾಚಕವು ಎಲ್ಲಿಯೂ ಬದಲಾಗದು. ‘ಒಳ್ಳೆಯವನು’, ‘ಒಳ್ಳೆಯವಳು’ ಎಂದಾಗ ಭೇದ ತಲೆದೋರುವುದು ನಿಜ. ‘ಒಳ್ಳೆಯವರು’ ಎಂದೊಡನೆ ಅದು ಅಳಿದು ಗೌರವವೂ ಕೂಡಿಕೊಳ್ಳುವುದು. ತೊಡಕಿರುವುದು ಲೇಖಕ–ಲೇಖಕಿ, ಅಧ್ಯಕ್ಷ–ಅಧ್ಯಕ್ಷೆ ಮೊದಲಾದ ಸಂಸ್ಕೃತದ ಜೋಡಿಗಳಲ್ಲಿ. ಅಲ್ಲಿಯೂ ‘ಬರೆದವರು’, ‘ಅಧ್ಯಕ್ಷರು’ ಎಂದರೆ ಸಾಕು.

ಸ್ತ್ರೀಲಿಂಗ ರೂಪವನ್ನು ಬಿಟ್ಟರೆ ಸ್ತ್ರೀಯರ ಸಾಧನೆ ಮರೆಯಾಗದೇ ಎಂದು ಕೆಲವರು ಕೇಳಬಹುದು. ಇಲ್ಲಿನ ಮ್ಯೂಸಿಕ್ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಬಿರುದನ್ನು ಪಡೆದ ಮೊದಲ ಮಹಿಳೆ ಎಂ. ಎಸ್. ಸುಬ್ಬುಲಕ್ಷ್ಮಿ. 1968ರಲ್ಲಿ ಅವರಿಗಾಗಿ ಆ ಬಿರುದಿನ ಒಂದಕ್ಷರವನ್ನೂ ತಿದ್ದಬೇಕಾಗಲಿಲ್ಲ. ಅವರ ಕೀರ್ತಿಗೆ ಅದರಿಂದ ಕುಂದೂ ಬರಲಿಲ್ಲ. ‘ವಿದುಷಿ’ ಎಂದು ಕರೆಸಿಕೊಳ್ಳಬಯಸುವವರನ್ನು ಹಾಗೆಯೇ ಕರೆಯೋಣ.

ನಮ್ಮ ಸಂಘಗಳ ನಿಯಮಾವಳಿಗಳಲ್ಲಿ ‘ಸದಸ್ಯನು’ ಎಂದಿರುವೆಡೆ ‘ಸದಸ್ಯರು’ ಎಂದಾಗಲಿ. ಇದಕ್ಕೆ ಕಾಸಿನ ಖರ್ಚೂ ಇಲ್ಲ, ಹೊಸ ಪದವೂ ಬೇಡ. ಮನೆಯ ಮಗುವೊಂದು ತಾನು ಗಂಡೂ ಅಲ್ಲ, ಹೆಣ್ಣೂ ಅಲ್ಲವೆಂದು ಅಳುಕುತ್ತ ನುಡಿದ ದಿನ, ಕರೆಯಲು ಕನ್ನಡದಲ್ಲಿ ಮಾತಿಲ್ಲವೆಂಬ ನೆಪ ಹಿರಿಯರಿಗೆ ದೊರೆಯಬಾರದು. ಮಾತು ಇದೆ, ಮನಸ್ಸು ಬೇಕು.