ಮನೆಗಿಂತ ಮೊದಲು ಶಾಲೆ

ಜಯನಗರದ ಬಾಡಿಗೆಯ ಮನೆಯೊಂದರಲ್ಲಿ ಹಲವು ವರ್ಷ ಸಂಸಾರ ಸಾಗಿಸಿದ ಸೋದರಿಯೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಬಾಡಿಗೆಯ ಭಾರವನ್ನು ತಾಳಲಾರದೆ ಬರುವ ಬೇಸಗೆಯಲ್ಲಿ ಗೊಟ್ಟಿಗೆರೆಯ ಕಡೆಗೆ ಬಿಡಾರವನ್ನು ಸಾಗಿಸಬೇಕೆಂದು ಅವರ ಯೋಚನೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ಅಲ್ಲಿಯ ಸರ್ಕಾರಿ ಶಾಲೆಗಳು ಹೇಗಿವೆ, ಹೊರಗಿನವರಾದ ತಾವು ಅವುಗಳ ಗುಣದೋಷವನ್ನು ತಿಳಿಯುವುದೆಂತು ಎಂಬುದು ಅವರ ಪ್ರಶ್ನೆ. ಇದೇ ಅರ್ಥದ ಕಾಗದಗಳು ಬೇರೆ ಬಡಾವಣೆಗಳಿಂದಲೂ ಬರುತ್ತಿರುವುದರಿಂದ ಈ ತಿಂಗಳ ನಮ್ಮ ಪುಟವನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಇಂತಹ ಶಾಲೆ ಒಳ್ಳೆಯದು, ಇಂತಹುದು ಬೇಡ ಎಂದು ನಾವು ಹೆಸರು ಹಿಡಿದು ಹೇಳತಕ್ಕವರಲ್ಲ. ಮುಖ್ಯೋಪಾಧ್ಯಾಯರೊಬ್ಬರು ವರ್ಗವಾಗಿ ಹೋದರೆ ಒಂದೇ ವರ್ಷದಲ್ಲಿ ಶಾಲೆಯ ಬಣ್ಣ ಬದಲಾಗುವುದುಂಟು. ಹೋದ ವರ್ಷದ ಕೀರ್ತಿಯನ್ನು ನಂಬಿ ಈ ವರ್ಷ ಮಗುವನ್ನು ಸೇರಿಸಿದವರು ಆಮೇಲೆ ಯಾರನ್ನು ದೂರಬೇಕು? ಆದಕಾರಣ ನೋಡುವ ಬಗೆಯನ್ನಷ್ಟೇ ಹೇಳುತ್ತೇವೆ. ನೋಡುವ ಕೆಲಸವನ್ನು ತಾಯಿತಂದೆಗಳೇ ಮಾಡಬೇಕು.

ನಮ್ಮವರು ಮನೆ ನೋಡುವಾಗ ಎಷ್ಟು ಎಚ್ಚರಿಕೆಯಿಂದಿರುತ್ತಾರೆ! ನೀರು ಸಿಹಿಯೋ ಗಡಸೋ, ಅಡಿಗೆಮನೆಗೆ ಬೆಳಕು ಬರುವುದೋ, ಮಳೆಗಾಲದಲ್ಲಿ ಬೀದಿಯ ನೀರು ಒಳನುಗ್ಗುವುದೋ ಎಂದು ನೂರು ಸಾರಿ ವಿಚಾರಿಸುತ್ತಾರೆ. ಶಾಲೆಯ ಯೋಚನೆ ಮಾತ್ರ ಮುಂಗಡದ ಹಣವನ್ನು ಎಣಿಸಿ ಕೊಟ್ಟ ಮೇಲೆ ಬರುತ್ತದೆ. ಆಗ ಹತ್ತಿರದ ಶಾಲೆ ಮನಸ್ಸಿಗೆ ಒಪ್ಪದಿದ್ದರೆ, ಮಗುವನ್ನು ಹಳೆಯ ಶಾಲೆಯಲ್ಲಿಯೇ ಉಳಿಸಿ ದಿನವೂ ಬನ್ನೇರುಘಟ್ಟ ರಸ್ತೆಯ ವಾಹನಗಳ ನಡುವೆ ಜಯನಗರಕ್ಕೆ ಕಳುಹಿಸುವುದು. ಬಾಡಿಗೆಯಲ್ಲಿ ಉಳಿದ ಹಣ ಬಸ್ಸಿಗೂ ಆಟೋವಿಗೂ ಹೋಗುತ್ತದೆ. ಮಗುವಿನ ಆಟದ ಹೊತ್ತು ರಸ್ತೆಯ ಪಾಲಾಗುತ್ತದೆ. ಕಡ್ಡಾಯ ಶಿಕ್ಷಣದ ನಿಯಮಗಳು 1ರಿಂದ 5ನೆಯ ತರಗತಿಯ ಮಗುವಿಗೆ ಒಂದು ಕಿಲೋಮೀಟರಿನೊಳಗೂ, 6ರಿಂದ 8ನೆಯ ತರಗತಿಯ ಮಗುವಿಗೆ ಮೂರು ಕಿಲೋಮೀಟರಿನೊಳಗೂ ಶಾಲೆಯಿರಬೇಕೆಂದು ಹೇಳಿರುವುದು ಸುಮ್ಮನೆ ಅಲ್ಲ. ಮನೆಯನ್ನು ನೋಡಿದ ದಿನವೇ ಅಲ್ಲಿಂದ ಶಾಲೆಗೆ ಒಮ್ಮೆ ನಡೆದು ನೋಡಿರಿ. ನೈಸ್ ರಸ್ತೆಯ ಕೂಡುದಾರಿಯಂತಹ ಜಾಗವನ್ನು ದಾಟಿ ಹೋಗಬೇಕಾದ ಶಾಲೆಯು ನಕ್ಷೆಯಲ್ಲಿ ಎಷ್ಟೇ ಹತ್ತಿರವಿದ್ದರೂ ಆರು ವರ್ಷದ ಹುಡುಗನಿಗೆ ದೂರವೇ ಸರಿ.

ಹೆಸರಿನ ವಿಚಾರವಾಗಿ ಒಂದು ಮಾತು. ಗೊಟ್ಟಿಗೆರೆಯ ಸುತ್ತಮುತ್ತ ಹಲಗೆಗಳ ಮೇಲೆ ‘ಪಬ್ಲಿಕ್ ಸ್ಕೂಲ್’ ಎಂದು ಕಂಡಲ್ಲೆಲ್ಲ ಅದು ಸಾರ್ವಜನಿಕರ ಶಾಲೆಯೆಂದು ತಿಳಿಯಬಾರದು. ಹೆಚ್ಚಿನವು ಶುಲ್ಕ ತೆಗೆದುಕೊಳ್ಳುವ ಖಾಸಗಿಯವರ ಶಾಲೆಗಳು. ಸರ್ಕಾರವೂ ತನ್ನ ಕೆಲವು ಶಾಲೆಗಳಿಗೆ ಈಚೆಗೆ ‘ಕರ್ನಾಟಕ ಪಬ್ಲಿಕ್ ಸ್ಕೂಲ್’ ಎಂಬ ಹೆಸರನ್ನಿಟ್ಟಿದೆ. ಗೊಟ್ಟಿಗೆರೆಯು 2007ರಲ್ಲಿ ಬೃಹತ್ ಮಹಾನಗರ ಪಾಲಿಕೆ ಏರ್ಪಟ್ಟಾಗ ನಗರದೊಳಕ್ಕೆ ಬಂದ ಊರು. ಪಾಲಿಕೆಯ ಸ್ವಂತ ಶಾಲೆಗಳು ಬಹುಮಟ್ಟಿಗೆ ಹಳೆಯ ನಗರದೊಳಗಿನವು. ಇಂತಹ ಊರುಗಳ ಸರ್ಕಾರಿ ಶಾಲೆಗಳು ಶಿಕ್ಷಣ ಇಲಾಖೆಗೆ ಸೇರಿದವು. ಏನಾದರೂ ಕೇಳಬೇಕಾದರೆ ಹೋಗಬೇಕಾದದ್ದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ.

ಮನೆಯಲ್ಲಿ ಕುಳಿತೇ ತಿಳಿಯಬಹುದಾದದ್ದೂ ಕೆಲವಿದೆ. ದೇಶದ ಪ್ರತಿಯೊಂದು ಶಾಲೆಗೂ ಯುಡೈಸ್ ಎಂಬ ಹನ್ನೊಂದು ಅಂಕಿಗಳ ಸಂಖ್ಯೆಯಿದೆ. ಕರ್ನಾಟಕದ ಶಾಲೆಯಾದರೆ ಅದು 29ರಿಂದ ಆರಂಭವಾಗುತ್ತದೆ. ಅದನ್ನು ಹಿಡಿದು ಹುಡುಕಿದರೆ ಉಪಾಧ್ಯಾಯರೆಷ್ಟು, ಮಕ್ಕಳೆಷ್ಟು, ಕೊಠಡಿ, ಶೌಚಾಲಯ, ಪುಸ್ತಕ ಭಂಡಾರಗಳಿವೆಯೆ ಎಂಬುದು ಕಾಣುತ್ತದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ 5ನೆಯ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು, 90ಕ್ಕೆ ಮೂವರು, 120ಕ್ಕೆ ನಾಲ್ವರು ಉಪಾಧ್ಯಾಯರಿರಬೇಕು. ಈ ಲೆಕ್ಕವನ್ನು ಗೃಹಿಣಿಯರು ಬೆರಳ ಮೇಲೆಯೇ ಮಾಡಿಕೊಳ್ಳಬಹುದು. ಆದರೆ ಈ ವಿವರಗಳನ್ನು ಬರೆದುಕೊಟ್ಟವರು ಶಾಲೆಯವರೇ ಎಂಬುದನ್ನು ಮರೆಯತಕ್ಕದ್ದಲ್ಲ. ಶೌಚಾಲಯವಿದೆ ಎಂಬುದು ಲೆಕ್ಕ; ಅದರ ಬೀಗ ತೆಗೆದಿದೆಯೆ, ನಲ್ಲಿಯಲ್ಲಿ ನೀರು ಬರುತ್ತದೆಯೆ ಎಂಬುದು ಸಂಗತಿ.

ಹತ್ತನೆಯ ತರಗತಿಯ ಫಲಿತಾಂಶವನ್ನು ನೋಡಿ ಶಾಲೆಯ ಬೆಲೆ ಕಟ್ಟುವುದು ಈಗ ಎಲ್ಲರ ರೂಢಿ. ನಮಗೆ ಇದರಲ್ಲಿ ನಂಬಿಕೆ ಕಡಿಮೆ. 2023ರಲ್ಲಿ ರಾಜ್ಯದಲ್ಲಿ ನೂರಕ್ಕೆ 83.89 ಮಂದಿ ತೇರ್ಗಡೆಯಾದರು. 2024ರಲ್ಲಿ ಪರೀಕ್ಷೆಯ ಕೊಠಡಿಗಳಲ್ಲಿ ಕ್ಯಾಮೆರಾಗಳನ್ನಿಟ್ಟು ದೂರದಿಂದಲೇ ನೋಡುತ್ತಿರುವ ಏರ್ಪಾಡಾಯಿತು. ಕೃಪಾಂಕಗಳನ್ನು ಶೇಕಡ 20ಕ್ಕೆ ಏರಿಸಿದಾಗ್ಯೂ ಫಲಿತಾಂಶವು 73.40ಕ್ಕೆ ಇಳಿಯಿತು. ಒಂದು ವರ್ಷದೊಳಗೆ ಮಕ್ಕಳ ಬುದ್ಧಿಯೇನೂ ಕುಂದಿರಲಾರದು. ಅಂಕಿಯು ಶಾಲೆಯನ್ನಲ್ಲದೆ ಪರೀಕ್ಷೆಯ ಕಾವಲನ್ನೂ ಅಳೆಯುತ್ತಿತ್ತೆಂದು ನಾವು ತಿಳಿಯುತ್ತೇವೆ. ಅದೂ ಅಲ್ಲದೆ, ಒಂಬತ್ತು ವರ್ಷದ ಹುಡುಗಿಗೆ ಬೇಕಾದದ್ದು ಈಗ ನಾಲ್ಕನೆಯ ತರಗತಿಯಲ್ಲಿ ಏನು ನಡೆಯುತ್ತಿದೆ ಎಂಬುದು.

ಇದನ್ನು ತಿಳಿಯಲು ನಮ್ಮ ಹಿರಿಯರಿಗೆ ಒಂದು ಸೊಗಸಾದ ಉಪಾಯವಿತ್ತು. ಕೂಲಿಮಠಗಳ ಕಾಲದಲ್ಲಿ ನವರಾತ್ರಿ ಬಂದಿತೆಂದರೆ ಐಗಳು ತಮ್ಮ ಮಠದ ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗಿ ಚೌಪದಗಳನ್ನು ಹೇಳಿಸುತ್ತಿದ್ದರು. ಮನೆಯವರು ಕೇಳಿ ಕಾಣಿಕೆ ಕೊಡುತ್ತಿದ್ದರು. ಅದು ಹಬ್ಬದ ಸಡಗರವೂ ಹೌದು. ಐಗಳು ಏನು ಕಲಿಸಿದ್ದಾರೆಂಬುದು ಊರಿನ ಕಿವಿಗೆ ಬೀಳುವ ಸಮಯವೂ ಹೌದು. ಈಗಿನ ಕಾಲದಲ್ಲಿ ಪ್ರಥಮ್ ಸಂಸ್ಥೆಯವರು 2005ರಿಂದ ನಡೆಸುತ್ತ ಬಂದಿರುವ ‘ಅಸರ್’ ಎಂಬ ಗ್ರಾಮಾಂತರ ಸಮೀಕ್ಷೆಯ ರೀತಿಯೂ ಬಲು ಸರಳವಾದದ್ದು. ಮನೆಗೆ ಹೋಗಿ ಮಗುವಿನ ಕೈಗೆ ಎರಡನೆಯ ತರಗತಿಯ ಮಟ್ಟದ ಸಣ್ಣ ಕಥೆಯೊಂದನ್ನು ಕೊಟ್ಟು ಓದಿಸುವುದು. ದಶಕ ತೆಗೆದುಕೊಳ್ಳುವ ಒಂದು ಕಳೆಯುವ ಲೆಕ್ಕ, ಒಂದು ಭಾಗಾಕಾರ ಮಾಡಿಸುವುದು.

ನಮ್ಮ ಸೋದರಿಯು ಇದನ್ನೇ ಮಾಡಬಹುದು. ನೋಡಹೊರಟ ಮನೆಯ ಬೀದಿಯಲ್ಲಿ ಆ ಶಾಲೆಗೆ ಹೋಗುವ ನಾಲ್ಕಾರು ಮಕ್ಕಳು ಸಿಕ್ಕದಿರುವುದಿಲ್ಲ. ಅವರ ತಾಯಂದಿರೊಡನೆ ಮಾತಾಡಿ, ಮಕ್ಕಳನ್ನು ಪ್ರೀತಿಯಿಂದ ಕರೆದು, ಪರೀಕ್ಷೆಯೆಂದು ಹೆದರಿಸದೆ, ಕಥೆಯ ಪುಸ್ತಕವೊಂದನ್ನು ಓದಿಸಲಿ. ಐದನೆಯ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಒತ್ತಕ್ಷರಗಳಲ್ಲಿ ಎಡವದೆ ಓದಿ, ಓದಿದ್ದನ್ನು ತಮ್ಮ ಮಾತಿನಲ್ಲಿ ಹೇಳಿದರೆ, ಗೋಡೆಯ ಸುಣ್ಣ ಉದುರಿದ್ದರೂ ಆ ಶಾಲೆಯಲ್ಲಿ ಪಾಠ ನಡೆಯುತ್ತಿದೆಯೆಂದು ತಿಳಿಯಬಹುದು. ಒಂದು ಎಚ್ಚರಿಕೆ: ಉತ್ತರ ಕರ್ನಾಟಕದಿಂದಲೋ ಹೊರ ರಾಜ್ಯದಿಂದಲೋ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ವರ್ಷದ ನಡುವೆ ಸೇರಿ ನಡುವೆಯೇ ಬಿಟ್ಟುಹೋಗುವುದು ಬೆಂಗಳೂರಿನಲ್ಲಿ ಸಾಮಾನ್ಯ. ಅಂತಹ ಮಗು ತಡವರಿಸಿದರೆ ಅದು ಶಾಲೆಯ ತಪ್ಪಲ್ಲ. ಆ ಶಾಲೆಯಲ್ಲಿಯೇ ಎರಡು ಮೂರು ವರ್ಷ ಓದಿದವರನ್ನು ನೋಡಬೇಕು.

ಇನ್ನು ಶಾಲೆಯೊಳಕ್ಕೆ ಹೋಗುವ ವಿಚಾರ. ಸಮಾರಂಭದ ದಿನ ಹೋಗಬೇಡಿರಿ. ಸಾಧಾರಣ ದಿನದಲ್ಲಿ ಪ್ರಾರ್ಥನೆಯ ಹೊತ್ತಿಗೋ ಮಧ್ಯಾಹ್ನದ ಊಟದ ಹೊತ್ತಿಗೋ ಹೋಗಿ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಕುಳಿತು ನೋಡಿರಿ. ಗಂಟೆ ಬಾರಿಸಿದ ಮೇಲೆ ಎಷ್ಟು ಹೊತ್ತಿಗೆ ಪಾಠ ಮೊದಲಾಯಿತು? ಊಟಕ್ಕೆ ಮುಂಚೆ ಮಕ್ಕಳು ಕೈ ತೊಳೆದರೆ? ಬಡಿಸುವವರು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರೆಯೆ? ದೊಡ್ಡ ಹುಡುಗಿಯರಿರುವ ಶಾಲೆಯಲ್ಲಿ ಅವರ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕವಿದೆಯೆ? ಹೆಣ್ಣುಮಕ್ಕಳು ಮೇಲಿನ ತರಗತಿಗೆ ಬಂದಂತೆ ಶಾಲೆ ತಪ್ಪಿಸುವುದು ಅನೇಕ ಕಡೆ ಈ ಚಿಲಕ ಇಲ್ಲದ ಕಾರಣದಿಂದ. ಇದನ್ನು ತಂದೆಯರು ಗಮನಿಸುವುದು ಅಪರೂಪ.

ಒಂದೇ ಕೊಠಡಿಯಲ್ಲಿ ಮೂರು ತರಗತಿಯ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕುಳಿತು ಕಾರ್ಡುಗಳನ್ನು ಹರಡಿಕೊಂಡಿರುವುದನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಅದು ‘ನಲಿ-ಕಲಿ’. 1995ರಲ್ಲಿ ಹೆಗ್ಗಡದೇವನಕೋಟೆಯ ಉಪಾಧ್ಯಾಯರು ಆರಂಭಿಸಿ, 2009–10ರಲ್ಲಿ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ. ಪ್ರತಿ ಮಗುವೂ ತನ್ನ ವೇಗದಲ್ಲಿ ಏಣಿಯ ಮೆಟ್ಟಿಲು ಹತ್ತಿದಂತೆ ಮುಂದೆ ಸಾಗುವುದು ಅದರ ಉದ್ದೇಶ. ಚೆನ್ನಾಗಿ ನಡೆದಲ್ಲಿ ಗದ್ದಲವಿರುತ್ತದೆ, ಆದರೆ ಪ್ರತಿ ಮಗುವಿನ ಕೈಯಲ್ಲಿಯೂ ಕೆಲಸವಿರುತ್ತದೆ. ಕೆಟ್ಟಲ್ಲಿ ಕಾರ್ಡುಗಳು ಹೊಸದಾಗಿಯೇ ಇರುತ್ತವೆ! ಯಾವುದಾದರೊಂದು ಮಗುವನ್ನು ‘ನೀನು ಯಾವ ಮೆಟ್ಟಿಲಲ್ಲಿದ್ದೀಯೆ?’ ಎಂದು ಕೇಳಿರಿ. ಥಟ್ಟನೆ ತೋರಿಸಿದರೆ ಸಂತೋಷ.

ಉಪಾಧ್ಯಾಯರಲ್ಲಿ ಖಾಯಂ ಆದವರೆಷ್ಟು, ಅತಿಥಿ ಶಿಕ್ಷಕರೆಷ್ಟು, ಗಣಿತ ವಿಜ್ಞಾನಗಳಿಗೆ ಯಾರಿದ್ದಾರೆ ಎಂದು ವಿನಯದಿಂದ ಕೇಳಲು ಸಂಕೋಚವೇಕೆ? ಅತಿಥಿ ಶಿಕ್ಷಕರನ್ನು ವರ್ಷವರ್ಷವೂ ಹೊಸದಾಗಿ ಗೊತ್ತುಮಾಡುವುದರಿಂದ ಅವರನ್ನೇ ಹೆಚ್ಚಾಗಿ ನೆಚ್ಚಿದ ಶಾಲೆಯ ಸ್ಥಿತಿ ಜೂನ್ ತಿಂಗಳಲ್ಲಿ ಒಂದು, ಆಗಸ್ಟಿನಲ್ಲಿ ಒಂದು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಕಡೆಯ ಸಾರಿ ಎಂದು ಸೇರಿತೆಂಬುದನ್ನೂ ಕೇಳಬೇಕು. ಕಾಯಿದೆಯ ಪ್ರಕಾರ ಈ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೂ ಅರ್ಧದಷ್ಟು ಸ್ತ್ರೀಯರೂ ಇರತಕ್ಕದ್ದು. ಸದಸ್ಯೆಯಾದ ತಾಯಿಯೊಬ್ಬಳನ್ನು ಹುಡುಕಿ ಮಾತಾಡಿಸಿರಿ. ‘ರುಜು ಹಾಕು ಅಂದರು, ಹಾಕಿದೆ’ ಎಂದು ಆಕೆ ಹೇಳಿದರೆ ಒಂದು ಅರ್ಥ; ‘ನೀರಿನ ತೊಟ್ಟಿಗೆ ನಾವೇ ಓಡಾಡಿದೆವು’ ಎಂದರೆ ಇನ್ನೊಂದು.

ಬೋಧನೆಯ ಭಾಷೆಯನ್ನು ಕುರಿತು ಕಾಗದದಲ್ಲಿ ಪ್ರಶ್ನೆಯಿಲ್ಲದಿದ್ದರೂ ಮನಸ್ಸಿನಲ್ಲಿ ಇದ್ದೀತು. 2019–20ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ವಿಭಾಗಗಳು ತೆರೆಯಲ್ಪಟ್ಟವು. ಅನಂತರ ಇನ್ನೂ ಸೇರಿದವು. ಅಂತಹ ವಿಭಾಗವಿದೆಯೆಂದು ಕೇಳಿ ಸಂತೋಷಪಡುವ ಮೊದಲು, ಅದು ಯಾವ ತರಗತಿಯವರೆಗೆ ಮುಟ್ಟಿದೆ, ಕಲಿಸುವವರು ಯಾರು ಎಂದು ನೋಡಬೇಕು. ಕನ್ನಡದಲ್ಲಿ ಸರಾಗವಾಗಿ ಓದುವ ನಾಲ್ಕನೆಯ ತರಗತಿಯ ಹುಡುಗಿಯನ್ನು ನಡುವೆ ಮಾಧ್ಯಮ ಬದಲಿಸಿ ಮೂಕಳನ್ನಾಗಿ ಮಾಡುವುದಕ್ಕೆ ನಮ್ಮ ಸಮ್ಮತಿಯಿಲ್ಲ. ಕಿರಿಯವನ ವಿಷಯದಲ್ಲಿ ಮನೆಯವರು ಯೋಚಿಸಿ ನಿರ್ಧರಿಸಲಿ.

ಇಷ್ಟೆಲ್ಲ ನೋಡಿದ ಮೇಲೂ ಶಾಲೆ ಒಪ್ಪಿಗೆಯಾಗದಿರಬಹುದು. ಆಗ ಸರ್ಕಾರಿ ಶಾಲೆಗೇ ಕಳುಹಿಸಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಮಗುವಿನ ವರ್ಷಗಳು ನಮ್ಮ ಆದರ್ಶಕ್ಕಾಗಿ ಇರುವವಲ್ಲ. ಹುಳಿಮಾವಿನ ಕಡೆಗೋ ಅಂಜನಾಪುರದ ಕಡೆಗೋ ಬೇರೆ ಮನೆ ನೋಡಬಹುದು. ಅದಕ್ಕಾಗಿಯೇ ಮುಂಗಡ ಕೊಡುವ ಮೊದಲು ಶಾಲೆ ನೋಡಬೇಕೆಂದದ್ದು. ಆದರೆ ನೋಡದೆಯೇ ಮೂಗು ಮುರಿದು, ಸಾಲ ಮಾಡಿ ಶುಲ್ಕ ಕಟ್ಟುವವರನ್ನು ಕಂಡಾಗ ನಮಗೆ ಮರುಕವಾಗುತ್ತದೆ. ಖಾಸಗಿ ಶಾಲೆಯನ್ನೇ ಆರಿಸುವವರು ಇಲಾಖೆಯ ಮಾನ್ಯತೆಯ ಪತ್ರವನ್ನೂ, ಹಲಗೆಯ ಮೇಲೆ ಬರೆದ ಮಂಡಳಿಯ ಸಂಯೋಜನೆಯ ಸಂಖ್ಯೆಯನ್ನೂ ಕಣ್ಣಾರೆ ನೋಡಿ, ಮೇಲೆ ಹೇಳಿದ ಓದಿನ ಪರೀಕ್ಷೆಯನ್ನು ಅಲ್ಲಿಯ ಮಕ್ಕಳಿಗೂ ಮಾಡತಕ್ಕದ್ದು.

ಸ್ಥಳ ಬದಲಿಸುವವರಿಗೆ ಒಂದು ಅನುಕೂಲವುಂಟು. ಸರ್ಕಾರಿ ಶಾಲೆಯಲ್ಲಿ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ವರ್ಷದ ನಡುವೆ ಬಂದಿತೆಂದು ಪ್ರವೇಶವನ್ನು ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣವೂ ಸಲ್ಲದು. ಆದುದರಿಂದ ಬೇಸಗೆಯ ರಜೆಯಲ್ಲಿ ಬೀಗ ಹಾಕಿದ ಶಾಲೆಯನ್ನು ಹೊರಗಿನಿಂದ ನೋಡಿ ಆತುರಪಡುವ ಬದಲು, ಪಾಠಗಳು ನಡೆಯುತ್ತಿರುವಾಗಲೇ ಹೋಗಿ ಬರುವುದು ಲೇಸು. ಹಳೆಯ ಶಾಲೆಯನ್ನು ಬಿಡುವಾಗ ಮಗುವಿನ ಹೆಸರಿನ ಅಕ್ಷರಗಳೂ ಹುಟ್ಟಿದ ತಾರೀಖೂ ವರ್ಗಾವಣೆ ಪತ್ರದಲ್ಲಿ ಸರಿಯಾಗಿವೆಯೆ ಎಂದು ಅಲ್ಲಿಯೇ ನಿಂತು ಓದಿ ನೋಡಿಕೊಳ್ಳಿರಿ. ಆಮೇಲೆ ತಿದ್ದಿಸುವುದೆಂದರೆ ಕಚೇರಿಯ ಮೆಟ್ಟಿಲನ್ನು ಹತ್ತಾರು ಸಾರಿ ಹತ್ತಬೇಕಾಗುತ್ತದೆ.