ಸಾಗಿಸೋಣ ಸ್ವಾಮಿ, ದಾರಿಯಲ್ಲಿ ನೋಡುವವರು ಯಾರು?

ತಲೆಗೆ ಪೆಟ್ಟಾದವರಿಗೆ ತಾಲ್ಲೂಕು ಆಸ್ಪತ್ರೆಯ ನರ್ಸ್‌ಗಳಿಂದ ಏನೂ ಆಗದು, ಸೀದಾ ನಿಮ್ಹಾನ್ಸ್‌ಗೆ ಒಯ್ಯಿರಿ ಎಂದು ಬರೆದಿದ್ದೀರಿ. ಒಯ್ಯೋಣ. ಆದರೆ ಮಾದಪ್ಪನ ಬೆಟ್ಟದ ತಿರುವಿನಲ್ಲಿ ಬೈಕಿನಿಂದ ಬಿದ್ದವನು ಹನೂರು, ಕೊಳ್ಳೇಗಾಲ ದಾಟಿ ಬೆಂಗಳೂರು ಮುಟ್ಟುವಷ್ಟರಲ್ಲಿ ಗಂಟೆಗಳೇ ಉರುಳಿರುತ್ತವೆ. ರಕ್ತದ ಆಮ್ಲಜನಕ ಶೇ. 90ಕ್ಕಿಂತ ಇಳಿದರೆ, ಬಿ.ಪಿ. ಕುಸಿದರೆ ಸಾವು ಹತ್ತಿರವಾಗುತ್ತದೆ. ಕುತ್ತಿಗೆ ನೇರವಿಟ್ಟು ಮಂಚದ ತಲೆಭಾಗ 30 ಡಿಗ್ರಿ ಎತ್ತುವುದು, ಕಫ ಎಳೆಯುವುದನ್ನು ಸೆಕೆಂಡುಗಳಲ್ಲಿ ಮುಗಿಸುವುದು, ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಅಂಕ 14ರಿಂದ 12ಕ್ಕೆ ಜಾರಿದ್ದನ್ನು ಮೊದಲು ಕಾಣುವುದು ನರ್ಸೇ. ದೊಡ್ಡ ಡಾಕ್ಟರುಗಳ ನಂಬಿಕೆಯೂ ತಪ್ಪಿದ್ದುಂಟು: ತಲೆಪೆಟ್ಟಿಗೆ ವರ್ಷಗಳಿಂದ ಕೊಡುತ್ತಾ ಬಂದಿದ್ದ ಸ್ಟೀರಾಯ್ಡ್ ಸಾವು ಹೆಚ್ಚಿಸುತ್ತದೆಂದು 10,008 ರೋಗಿಗಳ ಕ್ರ್ಯಾಶ್ ಅಧ್ಯಯನ 2004ರಲ್ಲಿ ತೋರಿಸಿತು. ಅದರ ಬದಲು ಯಳಂದೂರಿನ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸ್ ಕೊಡಿ ಎಂದು ಬರೆದಿದ್ದರೆ ನಾನೂ ಸಹಿ ಹಾಕುತ್ತಿದ್ದೆ.