ಪರಭಾಷೆಯ ಮಟ್ಟವೂ ಮನೆತನದ ಮಾನವೂ

ರೋಹಿಣಿ ಮಳೆ ಮುಗಿದು ಮೃಗಶಿರೆ ಕೂಡುವ ದಿನಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ರೈತನು ಎರಡು ಕಾರ್ಯಗಳಿಗಾಗಿ ಓಡಾಡುತ್ತಾನೆ: ಒಂದು ತೊಗರಿಯ ಬಿತ್ತನೆ, ಇನ್ನೊಂದು ಮಕ್ಕಳನ್ನು ಶಾಲೆಗೆ ಹಚ್ಚುವುದು. ಮೊದಲನೆಯದರಲ್ಲಿ ಅವನು ಮಹಾ ಜಾಣ. ನೆಲದ ಹಸಿಯನ್ನು ನೋಡದೆ ಅವನು ಕೂರಿಗೆ ಹೂಡುವವನಲ್ಲ. ಬೀಜವು ಆಳಕ್ಕೆ ಬಿದ್ದರೆ ಮೊಳಕೆ ಮೇಲೇಳದು, ತೀರ ಮೇಲೆ ಬಿದ್ದರೆ ಒಣಗೀತು ಎಂಬುದನ್ನು ಯಾರೂ ಅವನಿಗೆ ಕಲಿಸಬೇಕಾಗಿಲ್ಲ. ಎರಡನೆಯ ಕಾರ್ಯದಲ್ಲಿ ಮಾತ್ರ ಈ ಜಾಣತನವೆಲ್ಲವೂ ಶಾಲೆಯ ಬಾಗಿಲ ಹೊರಗೇ ಉಳಿಯುತ್ತದೆ. ಇಂಗ್ಲಿಷು ಪ್ರಥಮಭಾಷೆಯಾಗಿರಲೋ ದ್ವಿತೀಯಭಾಷೆಯಾಗಿರಲೋ ಎಂದು ಕೇಳಿದೊಡನೆ, ಹುಡುಗನಿಗೆ ಆ ಭಾಷೆ ಎಷ್ಟು ಬರುತ್ತದೆಂದು ವಿಚಾರಿಸದೆಯೇ, "ಪ್ರಥಮವೇ ಇರಲಿ" ಎಂದು ಸಹಿ ಹಾಕಿಬಿಡುತ್ತಾನೆ. ಪ್ರಥಮವೆಂದರೆ ಮೇಲಿನದು, ದ್ವಿತೀಯವೆಂದರೆ ಕೆಳಗಿನದು. ಕೆಳಗಿನದನ್ನು ಒಪ್ಪಿದರೆ ಮನೆತನಕ್ಕೆ ಕುಂದು!

ಇದು ಶುದ್ಧ ಭ್ರಾಂತಿ. ಪ್ರಥಮ, ದ್ವಿತೀಯ, ತೃತೀಯ ಎಂಬ ಹೆಸರುಗಳು ಪಂಕ್ತಿಯಲ್ಲಿ ಕೂಡಿಸುವ ಮರ್ಯಾದೆಯ ಕ್ರಮವಲ್ಲ. ವಿದ್ಯಾರ್ಥಿಗೂ ಭಾಷೆಗೂ ಇರುವ ಪರಿಚಯದ ಕ್ರಮ. ಪ್ರಥಮಭಾಷೆಯ ಪಠ್ಯವು ಆ ಭಾಷೆಯನ್ನು ಮನೆಯಲ್ಲಿಯೋ ಬಹುಕಾಲದ ಸಹವಾಸದಿಂದಲೋ ಆಗಲೇ ಬಲ್ಲವನಿಗಾಗಿ ಹುಟ್ಟಿದ್ದು. ಅವನಿಗೆ ಸಾಹಿತ್ಯದ ರುಚಿ ಹತ್ತಿಸುವುದು ಅದರ ಕೆಲಸ. ದ್ವಿತೀಯಭಾಷೆಯ ಪಠ್ಯವು ಭಾಷೆಯನ್ನು ಶಾಲೆಯಲ್ಲಿಯೇ ಮೊದಲು ಕೇಳುವವನಿಗೆ ಕೈಹಿಡಿದು ನಡೆಸತಕ್ಕದ್ದು. ಭೀಮೆಯ ದಂಡೆಯ ಹಳ್ಳಿಯೊಂದರಲ್ಲಿ ಕನ್ನಡವನ್ನಾಡಿ, ಸಂತೆಯಲ್ಲಿ ಉರ್ದುವನ್ನೋ ಮರಾಠಿಯನ್ನೋ ಕೇಳಿ ಬೆಳೆದ ಬಾಲಕನು ಇಂಗ್ಲಿಷಿನ ವಿಷಯದಲ್ಲಿ ಯಾವ ವರ್ಗಕ್ಕೆ ಸೇರಿದವನೆಂಬುದು ಕಣ್ಣಿದ್ದವರಿಗೆಲ್ಲ ಕಾಣುವ ಮಾತು.

ಈ ಭ್ರಾಂತಿಯ ಫಲ ಇಂಗ್ಲಿಷಿನಲ್ಲಿಯೇ ಮುಗಿಯುವುದೂ ಇಲ್ಲ. ಕರ್ನಾಟಕದ ಶಾಲೆಗಳಲ್ಲಿ ಕನ್ನಡವು ಪ್ರಥಮವೋ ದ್ವಿತೀಯವೋ ಆಗಿ ಇರಲೇಬೇಕೆಂದು 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ವಿಧಿಸಿದೆ. ಇಂಗ್ಲಿಷಿಗೆ ಪ್ರಥಮಸ್ಥಾನ ಕೊಟ್ಟವನ ಮಗನಿಗೆ ಕನ್ನಡವು ದ್ವಿತೀಯವಾಗುತ್ತದೆ. ಆಗ ಅವನ ಕೈಗೆ ಬರುವುದು 'ಸಿರಿ ಕನ್ನಡ'ವಲ್ಲ, ಮನೆಮಾತು ಬೇರೆಯಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರತಂದ 'ತಿಳಿ ಕನ್ನಡ'. ತಾನು ಬಲ್ಲ ಭಾಷೆಯಲ್ಲಿ ಕೆಳಗಿನ ಮೆಟ್ಟಿಲು, ಅರಿಯದ ಭಾಷೆಯಲ್ಲಿ ಮೇಲಿನ ಮೆಟ್ಟಿಲು! ಒಂದರಲ್ಲಿ ಬುದ್ಧಿಗೆ ಕೆಲಸವಿಲ್ಲ, ಇನ್ನೊಂದರಲ್ಲಿ ಬುದ್ಧಿಗೆ ದಾರಿಯಿಲ್ಲ. ಹತ್ತು ವರುಷ ಹೀಗೆ ನಡೆದ ಹುಡುಗನಿಗೆ ಎರಡು ಭಾಷೆಗಳಲ್ಲಿಯೂ ಒಂದು ಪುಟ ಸ್ವಂತವಾಗಿ ಬರೆಯಲು ಬಾರದಿದ್ದರೆ ಆಶ್ಚರ್ಯವೇನು?

ಈ ಸೀಮೆಯವರು ಇದನ್ನು ಅರಿಯದವರೇನೂ ಅಲ್ಲ. 1948ರ ಸೆಪ್ಟೆಂಬರದವರೆಗೆ ಈ ಮೂರು ತಾಲೂಕುಗಳ ನೆಲವು ಹೈದರಾಬಾದ್ ಸಂಸ್ಥಾನದ ಆಳ್ವಿಕೆಗೆ ಒಳಪಟ್ಟಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವಿನಲ್ಲಿಯೇ ಶಾಸ್ತ್ರಗಳನ್ನು ಬೋಧಿಸಿತು. ಅದಕ್ಕೆ ಅಣಿಮಾಡುವ ಶಾಲೆಗಳೂ ಅದೇ ಹಾದಿ ಹಿಡಿದವು. ಕನ್ನಡ ಮನೆಯ ಕೂಸು ಗಣಿತವನ್ನೂ ಚರಿತ್ರೆಯನ್ನೂ ಉರ್ದುವಿನಲ್ಲಿ ಕಲಿಯಬೇಕಾಯಿತು. ಆ ವಿಶ್ವವಿದ್ಯಾಲಯದಲ್ಲಿ ಓದಿಯೂ ಸಿದ್ಧಯ್ಯ ಪುರಾಣಿಕರಂಥವರು ಕನ್ನಡದ ಕವಿಗಳಾದುದು ನಿಜ. ಆದರೆ ಆ ಕಡಲನ್ನು ಈಸಿ ದಡ ಸೇರಿದವರ ಹೆಸರು ಹೇಳುವಾಗ ನಡುವೆ ಮುಳುಗಿದವರ ಲೆಕ್ಕವನ್ನು ಯಾರೂ ಇಡಲಿಲ್ಲವೆಂಬುದನ್ನೂ ನೆನೆಯಬೇಕು. ಅಂದು ದೊರೆತನವು ಹೇರಿದ ಹೊರೆಯನ್ನು ಇಂದು ತಂದೆಯು ಶುಲ್ಕ ತೆತ್ತು ಮಗನ ತಲೆಗೆ ಹೊರಿಸುತ್ತಾನೆ. ಬೋಧನಾಮಾಧ್ಯಮದ ಆಯ್ಕೆಯು ಮಗುವಿನದು, ಅದರ ಪರವಾಗಿ ತಂದೆತಾಯಿಗಳದು ಎಂದು ಸರ್ವೋಚ್ಚ ನ್ಯಾಯಾಲಯವು 2014ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಹಕ್ಕು ಕೈಗೆ ಬಂದಿತು. ಹಕ್ಕಿನೊಡನೆ ವಿವೇಕವನ್ನೂ ಕೊಡುವ ಅಧಿಕಾರ ಯಾವ ನ್ಯಾಯಾಲಯಕ್ಕಿದೆ?

ಇಷ್ಟಾದರೂ ತಂದೆಯ ಭೀತಿಯನ್ನು ನಗೆಯಾಡುವುದು ಅನ್ಯಾಯ. ಪಿ.ಯು. ವಿಜ್ಞಾನವು ಇಂಗ್ಲಿಷಿನಲ್ಲಿ, ವೈದ್ಯವು ಇಂಗ್ಲಿಷಿನಲ್ಲಿ, ದೊಡ್ಡ ನೌಕರಿಯ ಸಂದರ್ಶನವೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. 2009ರಲ್ಲಿ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲೂಕಿನ ಕಡಗಂಚಿಯಲ್ಲಿಯೇ ಇದೆ. ಅದರ ಗೋಡೆಯ ಆಚೆ ತೊಗರಿಯ ಹೊಲ, ಈಚೆ ಇಂಗ್ಲಿಷಿನ ಉಪನ್ಯಾಸ. ಹೊಲದಿಂದ ಆ ಕೋಣೆಗೆ ಹೋಗಬೇಕಾದ ಹುಡುಗನಿಗೆ ದಾರಿ ನಾಲ್ಕು ಹೆಜ್ಜೆಯದಾದರೂ ಭಾಷೆಯ ಹಳ್ಳ ಆಳವಾಗಿದೆ. ಸಂವಿಧಾನದ 371(ಜೆ) ವಿಧಿಯು ಈ ಭಾಗದವರಿಗೆ ವಿದ್ಯಾಲಯಗಳಲ್ಲಿಯೂ ಉದ್ಯೋಗಗಳಲ್ಲಿಯೂ ಸ್ಥಾನಗಳನ್ನು ಕಾಯ್ದಿರಿಸಲು ಎಡೆಗೊಟ್ಟಿತು. ಸ್ಥಾನವನ್ನು ಕಾಯ್ದಿರಿಸಬಹುದು, ಭಾಷೆಯನ್ನು ಯಾರು ಕಾಯ್ದಿರಿಸಿ ಕೊಟ್ಟಾರು?

ಆದುದರಿಂದ "ಇಂಗ್ಲಿಷು ಬೇಡ" ಎಂಬ ವಾದಕ್ಕೆ ಇಲ್ಲಿ ಎಡೆಯಿಲ್ಲ. ದ್ವಿತೀಯಭಾಷೆಯ ಪಕ್ಷದವರೂ ತಮ್ಮ ಮನೆಯ ಕಸವನ್ನು ಮೊದಲು ಗುಡಿಸಬೇಕು. ದ್ವಿತೀಯಭಾಷೆಯೆಂಬ ಹೆಸರಿನಲ್ಲಿ ಅನೇಕ ಕಡೆ ನಡೆದಿರುವುದು ಗೈಡುಗಳ ಪಾರಾಯಣ. ಪ್ರಶ್ನೆಗೆ ಉತ್ತರ ಕಂಠಪಾಠ, ಪತ್ರಲೇಖನ ಕಂಠಪಾಠ, ಪದ್ಯದ ಸಾರಾಂಶವೂ ಕಂಠಪಾಠ. ಹೀಗೆ ಎಂಬತ್ತು ಅಂಕ ಪಡೆದ ಹುಡುಗನ ಮುಂದೆ ಆ ದಿನದ ಇಂಗ್ಲಿಷ್ ಪತ್ರಿಕೆಯನ್ನಿಟ್ಟರೆ ಒಂದು ಸಾಲು ಓಡುವುದಿಲ್ಲ. ಸರಕಾರಿ ಶಾಲೆಗಳಲ್ಲಿ ಹಿಂದೆ ಐದನೆಯ ಇಯತ್ತೆಯಿಂದ ಮೊದಲಾಗುತ್ತಿದ್ದ ಇಂಗ್ಲಿಷು 2007ರಿಂದ ಒಂದನೆಯದಕ್ಕೇ ಇಳಿದು ಬಂದಿತು. ವರುಷಗಳು ಹೆಚ್ಚಿದವು, ಓದು ಹೆಚ್ಚಿತೇ? ಮಟ್ಟವನ್ನು ವಯಸ್ಸಿನಿಂದಲೂ ಇಯತ್ತೆಯಿಂದಲೂ ಅಳೆಯುವವರೆಗೆ ಅದು ಹೆಚ್ಚಲಾರದು.

ಸುಮಾರು ನೂರು ವರುಷಗಳ ಹಿಂದೆ ಢಾಕಾದಲ್ಲಿದ್ದ ಮೈಕೇಲ್ ವೆಸ್ಟ್ ಎಂಬ ಶಿಕ್ಷಣತಜ್ಞನು ಬಂಗಾಳದ ಬಾಲಕರು ವರುಷಗಟ್ಟಲೆ ಇಂಗ್ಲಿಷು ಕಲಿತೂ ಓದಲಾರದೆ ಹೋಗುವ ಕಾರಣವನ್ನು ಶೋಧಿಸಿ 1926ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಅವನು ಕಂಡ ದೋಷ ಸರಳವಾದದ್ದು: ಪಾಠಪುಸ್ತಕಗಳಲ್ಲಿ ಹೊಸ ಶಬ್ದಗಳು ಒಂದರ ಬೆನ್ನಿಗೊಂದು ನುಗ್ಗುತ್ತಿದ್ದವು, ಒಂದನ್ನು ಅರಗಿಸುವುದರೊಳಗೆ ಹತ್ತು ಬಂದು ಬೀಳುತ್ತಿದ್ದವು. ಹೊಸ ಶಬ್ದವನ್ನು ಮಿತವಾಗಿ ಕೊಟ್ಟು, ಮರಳಿ ಮರಳಿ ತಂದು, ಬಾಲಕನು ತಾನೇ ಓದಿ ಸಂತೋಷಪಡುವಂಥ ಕಥೆಗಳನ್ನು ಅವನು ಸಿದ್ಧಪಡಿಸಿದನು. 2001ರಲ್ಲಿ ಯೂರೋಪಿನವರು ಪರಭಾಷಾಜ್ಞಾನಕ್ಕೆ ಆರು ಮೆಟ್ಟಿಲುಗಳನ್ನು ಕಟ್ಟಿದಾಗಲೂ ಕಲಿಯುವವನ ವಯಸ್ಸನ್ನು ಕೇಳಲಿಲ್ಲ. ಅವನು ಆ ಭಾಷೆಯಲ್ಲಿ ಏನು ಮಾಡಬಲ್ಲನೆಂಬುದನ್ನೇ ಕೇಳಿದರು. ಅಷ್ಟು ದೂರ ಹೋಗುವುದಾದರೂ ಏಕೆ? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ನಾಡಿನ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ 'ನಲಿ-ಕಲಿ'ಯಲ್ಲಿ ಮಗುವು ತನ್ನ ಮೆಟ್ಟಿಲನ್ನು ತಾನು ಮುಗಿಸಿ ಮುಂದಿನದಕ್ಕೆ ಏರುತ್ತದೆ. ಮೂರನೆಯ ಇಯತ್ತೆ ದಾಟಿದೊಡನೆ ಆ ವಿವೇಕವನ್ನು ಮೂಟೆ ಕಟ್ಟಿ ಅಟ್ಟಕ್ಕೆ ಹಾಕುವುದೇಕೆಂಬುದಕ್ಕೆ ಶಿಕ್ಷಣ ಇಲಾಖೆಯೇ ಉತ್ತರ ಹೇಳಬೇಕು.

ಎಂಟನೆಯ ಇಯತ್ತೆಗೆ ಬಂದ ಹುಡುಗನ ಮುಂದೆ ಅಧ್ಯಾಪಕನು ಮೂರನೆಯ, ಐದನೆಯ, ಏಳನೆಯ ಇಯತ್ತೆಗಳ ಇಂಗ್ಲಿಷು ಪುಸ್ತಕಗಳನ್ನಿಟ್ಟು ಓದಿಸಲಿ. ಎಲ್ಲಿ ನಾಲಗೆ ತೊಡರದೆ ಅರ್ಥವಾಗುವುದೋ ಅಲ್ಲಿಂದ ಪಾಠ ಮೊದಲಾಗಲಿ. ಇದಕ್ಕೆ ಹೊಸ ಕಟ್ಟಡ ಬೇಡ. ದಿನದ ಒಂದು ತಾಸಿನಲ್ಲಿ ಇಯತ್ತೆಯ ಗೋಡೆಯನ್ನು ಮುರಿದು ಮಟ್ಟಕ್ಕೆ ತಕ್ಕಂತೆ ಹುಡುಗರನ್ನು ಕೂಡಿಸುವ ಧೈರ್ಯ ಬೇಕು, ಪ್ರತಿಯೊಂದು ಮಟ್ಟಕ್ಕೂ ನಾಲ್ವತ್ತು ಐವತ್ತು ಸಣ್ಣ ಪುಸ್ತಕಗಳು ಬೇಕು, "ಮಗ ಕೆಳಗಿನ ಗುಂಪಿನಲ್ಲಿದ್ದಾನೆ" ಎಂದು ಕೇಳಿ ಕೋಪಿಸಿಕೊಂಡು ಬರುವ ತಂದೆಯನ್ನು ಕೂಡಿಸಿ, ಚಹಾ ಕೊಟ್ಟು, ಸಮಾಧಾನ ಹೇಳುವ ಮುಖ್ಯಾಧ್ಯಾಪಕರು ಬೇಕು. ಕೊನೆಯದೇ ದುರ್ಲಭ.

ಇದೇ ತಕ್ಕಡಿಯಲ್ಲಿ ಕನ್ನಡವನ್ನೂ ತೂಗತಕ್ಕದ್ದು. ಅಕ್ಕಲಕೋಟೆಯ ಕಡೆಯ ಗಡಿಯಲ್ಲಿ ಮರಾಠಿ ಮನೆಮಾತಿನ ಮಕ್ಕಳಿದ್ದಾರೆ. ಮೂರು ತಾಲೂಕುಗಳಲ್ಲಿಯೂ ಉರ್ದು ಶಾಲೆಗಳಿಗೆ ಹೋಗುವ ಮಕ್ಕಳಿದ್ದಾರೆ. ಅವರ ಪೈಕಿ ಅನೇಕರಿಗೆ ಗ್ರಂಥದ ಕನ್ನಡವು ಇಂಗ್ಲಿಷಿನಷ್ಟೇ ಅಪರಿಚಿತ. ಅಂಥ ಬಾಲಕಿಯೊಬ್ಬಳು ಕನ್ನಡದ ಪುಟವೊಂದರಲ್ಲಿ ಒತ್ತಕ್ಷರ ಬಂದಲ್ಲೆಲ್ಲ ತೊಡರಿ ನಿಂತಾಗ ಅವಳನ್ನು ನಾಡದ್ರೋಹಿಯೆಂಬಂತೆ ನೋಡದೆ, ಅವಳಿಗೆ ತಕ್ಕ ಮೆಟ್ಟಿಲಿನ ಪುಸ್ತಕವನ್ನು ಕಪಾಟಿನಿಂದ ತೆಗೆದುಕೊಡುವ ಕನ್ನಡ ಪಂಡಿತರು ಈ ಶಾಲೆಗಳಲ್ಲಿ ಎಷ್ಟು ಮಂದಿ ಇದ್ದಾರೆ?